ಬೀಳುವವನು ನಡುಮುಗಿಲಲ್ಲಿ ಯಾಕೆ ನಿಲ್ಲುವುದಿಲ್ಲ?

(ವಿಜ್ಞಾನ ದಿನದ ನೆಪದಲ್ಲಿ ಕಲಬುರಗಿಯ ಒಂದು ಪಿಯು ಕಾಲೇಜಿನಲ್ಲಿ ಆಡಿದ ಮಾತು. ಬರೆದು ಕೊಡಿ ಎಂದರು. ಆಡಿದ ಹಾಗೇ ಬರೆಯಲು ನೋಡಿದ್ದೇನೆ. ಕೆಲವು ಲೆಕ್ಕಗಳನ್ನು ಮಾತ್ರ ಮನೆಗೆ ಬಂದು ಸರಿಮಾಡಿಕೊಂಡೆ.)

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಇನ್ನೂ ಮುಗಿದಿಲ್ಲ, ನಮ್ಮೂರ ಬಿಸಿಲು ಆಗಲೇ ಶುರುವಾಗಿದೆ. ಮೇಲಿನ ಫ್ಯಾನಿನ ಸದ್ದಿಗೆ ಹಿಂದೆ ಕೂತವರಿಗೆ ನನ್ನ ಮಾತು ಕೇಳದಿದ್ದರೆ ಕೈ ಎತ್ತಿ, ಜೋರಾಗಿ ಮಾತಾಡುತ್ತೇನೆ. ಕೊನೆಗೆ ಒಂದು ಪ್ರಯೋಗ ಇದೆ. ಅದಕ್ಕೆ ಎರಡು ನಿಮಿಷ ಫ್ಯಾನ್ ಆರಿಸಬೇಕಾಗುತ್ತದೆ. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ.

ನಾನು ಪಾಠ ಮಾಡಲು ಶುರುಮಾಡಿದ ಮೊದಲ ವರ್ಷದ ಮಾತು. ಬೋರ್ಡಿನ ಮೇಲೆ ಒಬ್ಬ ಮನುಷ್ಯನ ಚಿತ್ರ ಬರೆದಿದ್ದೆ. ಆತ ವಿಮಾನದಿಂದ ಜಿಗಿದಿದ್ದಾನೆ. ಕೆಳಗೆ ಒಂದು ಬಾಣ, ಅದು ತೂಕ. ಮೇಲೆ ಒಂದು ಬಾಣ, ಅದು ಗಾಳಿಯ ತಡೆ. ಎರಡೂ ಬಾಣದ ಉದ್ದ ಒಂದೇ. 'ಈಗ ಬಲಗಳು ಸಮ ಆದವು. ಇನ್ನು ಆತ ಒಂದೇ ವೇಗದಲ್ಲಿ ಬೀಳುತ್ತಾನೆ' ಎಂದು ಹೇಳಿ ಸೀಮೆಸುಣ್ಣ ಇಟ್ಟೆ. ಜೇವರ್ಗಿ ಕಡೆಯ ಒಬ್ಬ ಹುಡುಗ ಎದ್ದು ನಿಂತ. 'ಸರ್, ಎರಡೂ ಬಲ ಸರಿ ಆದ್ವು ಅಂದ್ರ ಅಂವ ಅಲ್ಲೇ ನಡುಮುಗಿಲಾಗ ನಿಂದ್ರಬೇಕಲ್ರಿ?'

ಕ್ಲಾಸು ನಕ್ಕಿತು. ನಾನು ನ್ಯೂಟನ್ನನ ಮೊದಲ ನಿಯಮವನ್ನು ಒಪ್ಪಿಸಿದೆ. ಹೊರಗಿನ ಬಲ ಇಲ್ಲದಿದ್ದರೆ ನಿಂತದ್ದು ನಿಂತೇ ಇರುತ್ತದೆ, ಚಲಿಸುವುದು ಅದೇ ವೇಗದಲ್ಲಿ ಚಲಿಸುತ್ತಲೇ ಇರುತ್ತದೆ. ಹುಡುಗ ಕೂತ. ಆದರೆ ಅವನ ಮುಖ ಒಪ್ಪಿರಲಿಲ್ಲ. ಮನೆಗೆ ಹೋಗುವಾಗ ಬಸ್ಸಿನಲ್ಲಿ ನನಗೂ ಅನಿಸಿತು: ನಿಯಮ ನನಗೆ ಬಾಯಿಪಾಠ ಇದೆ, ನಂಬಿಕೆ ಇನ್ನೂ ಬಂದಿಲ್ಲ. ಇವತ್ತಿನ ಮಾತೆಲ್ಲ ಆ ಒಂದೇ ಪ್ರಶ್ನೆಯ ಮೇಲೆ.

ಮೊದಲು ನನ್ನದೇ ಒಂದು ಬೀಳುವಿಕೆಯ ಕತೆ ಹೇಳುತ್ತೇನೆ. ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಆಳಂದ ತಾಲೂಕಿನ ನಮ್ಮ ಹಳ್ಳಿಯಲ್ಲಿ ಎಲ್ಲ ಮಣ್ಣಿನ ಮಾಳಿಗೆ ಮನೆಗಳು. ಯಾವುದೋ ಪತ್ರಿಕೆಯಲ್ಲಿ ಪ್ಯಾರಾಚೂಟಿನ ಚಿತ್ರ ನೋಡಿದ್ದೆ. ಅಜ್ಜನ ಕರಿ ಛತ್ರಿ ಗೂಟಕ್ಕೆ ತೂಗುಹಾಕಿತ್ತು. ಮುಂದಿನದು ನಿಮಗೆ ಗೊತ್ತಾಗಿರಬೇಕು. ಛತ್ರಿ ಬಿಚ್ಚಿಕೊಂಡು ಮಾಳಿಗೆಯಿಂದ ಜಿಗಿದೆ. ಕೆಳಗಿದ್ದ ಕಣಕಿ ಬಣವೆಯ ಮೇಲೆ ಬೀಳಬೇಕಿತ್ತು, ಬಿದ್ದದ್ದು ಅದರ ಪಕ್ಕದ ಹಾಸುಗಲ್ಲಿನ ಮೇಲೆ. ಕಾಲು ಬಾತುಕೊಂಡಿತು. ಅಜ್ಜ ಓಡಿ ಬಂದು ಮೊದಲು ಎತ್ತಿ ನೋಡಿದ್ದು ಛತ್ರಿಯನ್ನು.

ಛತ್ರಿ ನನಗೆ ಯಾಕೆ ಮೋಸ ಮಾಡಿತು ಎಂದು ಎಷ್ಟೋ ವರ್ಷದ ಮೇಲೆ, ಉಪನ್ಯಾಸಕನಾದ ನಂತರ, ಕೂತು ಲೆಕ್ಕ ಹಾಕಿದೆ. ಮಾಳಿಗೆ ಸುಮಾರು 3 ಮೀಟರ್ ಎತ್ತರ. ನಾನು ಸುಮಾರು 30 ಕಿಲೋ. ಛತ್ರಿಯ ಅಗಲ ಒಂದು ಮೀಟರ್. ಇಷ್ಟು ತೂಕವನ್ನು ಇಷ್ಟು ಛತ್ರಿಯ ತಡೆ ಸರಿದೂಗಿಸಬೇಕಾದರೆ ಸೆಕೆಂಡಿಗೆ 20 ಮೀಟರಿಗೂ ಜಾಸ್ತಿ ವೇಗ ಬೇಕು. ಅಂದರೆ ಗಂಟೆಗೆ 70 ಕಿಲೋಮೀಟರಿಗಿಂತ ಮೇಲೆ. 3 ಮೀಟರ್ ಬಿದ್ದರೆ ಬರುವ ವೇಗ ಸೆಕೆಂಡಿಗೆ ಏಳೂವರೆ ಮೀಟರ್ ಅಷ್ಟೇ. ಆ ವೇಗದಲ್ಲಿ ಛತ್ರಿಯ ತಡೆ ನನ್ನ ತೂಕದ ಎಂಟನೇ ಒಂದು ಭಾಗ. ಉಳಿದ ಏಳು ಭಾಗ ನನ್ನನ್ನು ಕಲ್ಲಿನ ಕಡೆಗೇ ಎಳೆಯುತ್ತಿತ್ತು. ಛತ್ರಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸಮವಾಗುವ ಹೊತ್ತಿಗೆ ಮೊದಲೇ ನೆಲ ಬಂದುಬಿಟ್ಟಿತು.

ಈ ಕತೆಯಲ್ಲಿ ಒಂದು ಮುಖ್ಯ ಸಂಗತಿ ಅಡಗಿದೆ. ತೂಕ ಯಾವಾಗಲೂ ಅಷ್ಟೇ ಇರುತ್ತದೆ. ಮಾಳಿಗೆಯ ಮೇಲೂ ಅಷ್ಟೇ, ನಡುವೆಯೂ ಅಷ್ಟೇ. ಗಾಳಿಯ ತಡೆ ಹಾಗಲ್ಲ. ನೀವು ನಿಂತರೆ ಅದು ಸೊನ್ನೆ. ವೇಗ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಅದೂ ಸುಮ್ನೆ ಹೆಚ್ಚುವುದಲ್ಲ, ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಮೋಟರ್ ಸೈಕಲ್ ಮೇಲೆ ಹೋಗುವವರಿಗೆ ಇದು ಎದೆಗೆ ಗೊತ್ತು. 30ರಲ್ಲಿ ಹೋಗುವಾಗ ಗಾಳಿ ಹಿತವಾಗಿರುತ್ತದೆ. 60ರಲ್ಲಿ ಅಂಗಿ ಪಟಪಟ ಅನ್ನುತ್ತದೆ.

ಈಗ ಬೋರ್ಡಿನ ಮೇಲಿನ ಮನುಷ್ಯನ ಹತ್ತಿರ ಹೋಗೋಣ. ವಿಮಾನ ಬೇಡ, ಅದರ ಅಡ್ಡ ವೇಗದ ರಗಳೆ. ಒಂದೇ ಕಡೆ ನಿಂತ ಹೆಲಿಕಾಪ್ಟರಿನಿಂದ ಆತ ಜಿಗಿದ ಎಂದುಕೊಳ್ಳಿ. ಸಾಮಾನು ಸರಂಜಾಮು ಸೇರಿ 80 ಕಿಲೋ. ತೂಕ ಸುಮಾರು 780 ನ್ಯೂಟನ್. ನ್ಯೂಟನ್ ಅಂದರೆ ಬಲವನ್ನು ಅಳೆಯುವ ಮಾನ. ಜಿಗಿದ ಗಳಿಗೆಯಲ್ಲಿ ವೇಗ ಇಲ್ಲ, ತಡೆ ಇಲ್ಲ. ಪೂರ್ತಿ 780 ನ್ಯೂಟನ್ ಕೆಳಗೆ ಎಳೆಯುತ್ತದೆ. ಸೆಕೆಂಡಿಗೆ 9.8 ಮೀಟರಿನಂತೆ ವೇಗ ಏರುತ್ತದೆ. ಹೊಟ್ಟೆ ಕೆಳಗೆ ಮಾಡಿ, ಕೈಕಾಲು ಚಾಚಿ ಬೀಳುವ ಮನುಷ್ಯನಿಗೆ ಬಲಗಳು ಸಮವಾಗುವುದು ಹೆಚ್ಚುಕಮ್ಮಿ ಸೆಕೆಂಡಿಗೆ 55 ಮೀಟರ್ ವೇಗದಲ್ಲಿ. ಗಂಟೆಗೆ ಸುಮಾರು 200 ಕಿಲೋಮೀಟರ್.

ಆ ವೇಗದ ಅರ್ಧಕ್ಕೆ ಬಂದಾಗ ತಡೆ ಎಷ್ಟು? ಅರ್ಧ ಎಂದು ಯಾರೋ ಹೇಳಿದರು. ಅಲ್ಲ, ಕಾಲು ಭಾಗ. ಸುಮಾರು 195 ನ್ಯೂಟನ್. ಇನ್ನೂ 585 ನ್ಯೂಟನ್ ಕೆಳಗೆ ಎಳೆಯುತ್ತಿದೆ. ಅಂದರೆ ವೇಗ ಇನ್ನೂ ಏರುತ್ತಿದೆ, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ. ಸೆಕೆಂಡಿಗೆ 7.3 ಮೀಟರಿನಂತೆ. ಆಮೇಲೆ 5ರಂತೆ, 2ರಂತೆ, 1ರಂತೆ. ಹತ್ತು ಹನ್ನೆರಡು ಸೆಕೆಂಡಿನಲ್ಲಿ ಏರುವುದು ಹೆಚ್ಚುಕಮ್ಮಿ ಮುಗಿಯುತ್ತದೆ. ತಡೆಯೂ 780, ತೂಕವೂ 780.

ಈಗ ಆ ಹುಡುಗನ ಪ್ರಶ್ನೆ. ಎರಡೂ ಸರಿ ಆದವು. ಯಾಕೆ ನಿಲ್ಲಲಿಲ್ಲ?

ನನಗೆ ಇದು ತಲೆಗೆ ಹತ್ತಿದ್ದು ಭೌತಶಾಸ್ತ್ರದ ಪುಸ್ತಕದಿಂದಲ್ಲ, ಬ್ಯಾಂಕಿನ ಪಾಸ್‌ಬುಕ್ಕಿನಿಂದ. ನಿಮ್ಮ ಖಾತೆಯಲ್ಲಿ 5500 ರೂಪಾಯಿ ಇದೆ. ಈ ತಿಂಗಳು 780 ಜಮಾ ಆಯಿತು, 780 ಖರ್ಚಾಯಿತು. ಜಮಾ ಖರ್ಚು ಸಮ. ಹಾಗಾದರೆ ಖಾತೆ ಖಾಲಿ ಆಯಿತಾ? ಇಲ್ಲ. 5500 ಇದ್ದದ್ದು 5500 ಆಗಿಯೇ ಉಳಿಯಿತು. ಸಮ ಆದದ್ದು ಬರುವ ದುಡ್ಡು, ಹೋಗುವ ದುಡ್ಡು. ಇರುವ ದುಡ್ಡನ್ನು ಯಾರೂ ಮುಟ್ಟಲಿಲ್ಲ.

ವೇಗ ಅನ್ನುವುದು ಖಾತೆಯಲ್ಲಿ ಇರುವ ದುಡ್ಡು. ಬಲ ಅನ್ನುವುದು ಜಮಾ, ಖರ್ಚು. ಮೊದಲ ಹತ್ತು ಹನ್ನೆರಡು ಸೆಕೆಂಡು ಆತನ ಖಾತೆಗೆ ಜಮಾ ಜಾಸ್ತಿ, ಖರ್ಚು ಕಮ್ಮಿ. ಹಾಗಾಗಿ 55 ಮೀಟರಿನ ವೇಗ ಕೂಡಿತು. ಆಮೇಲೆ ಜಮಾ ಖರ್ಚು ಸಮ. ಕೂಡಿದ 55 ಹಾಗೇ ಉಳಿಯಿತು. ಆತ ನಿಲ್ಲಬೇಕಾದರೆ ಆ 55ನ್ನು ಯಾರಾದರೂ ಖರ್ಚು ಮಾಡಿ ತೀರಿಸಬೇಕು. ಅಂದರೆ ಮೇಲಕ್ಕೆ ತಳ್ಳುವ ಬಲ ತೂಕಕ್ಕಿಂತ ಜಾಸ್ತಿ ಇರಬೇಕು. ಸಮ ಇದ್ದರೆ ಸಾಲದು.

ಒಂದು ವೇಳೆ ಆತ ನಿಂತೇಬಿಟ್ಟ ಅನ್ನೋಣ. ನಿಂತ ಕೂಡಲೇ ವೇಗ ಸೊನ್ನೆ. ವೇಗ ಸೊನ್ನೆ ಆದರೆ ಗಾಳಿಯ ತಡೆ ಸೊನ್ನೆ. ಆಗ ತೂಕ ಒಂದೇ ಉಳಿಯಿತು. ಸಮ ಎಲ್ಲಿ ಹೋಯಿತು? ಆತ ಬೀಳುತ್ತಿರುವುದರಿಂದಲೇ ತಡೆ ಇದೆ, ತಡೆ ಇರುವುದರಿಂದಲೇ ಸಮ ಇದೆ. ಹುಡುಗನಿಗೆ ಅವತ್ತು ಇಷ್ಟು ಹೇಳಿದ್ದರೆ ಸಾಕಿತ್ತು.

ಆದರೂ ಅವನ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ. ನಮ್ಮೆಲ್ಲರ ಅನುಭವ ಅವನ ಪರವಾಗಿಯೇ ಇದೆ. ಎತ್ತು ಎಳೆದರೆ ಬಂಡಿ ನಡೆಯುತ್ತದೆ, ಎತ್ತು ನಿಂತರೆ ಬಂಡಿ ನಿಲ್ಲುತ್ತದೆ. ಇದನ್ನು ನೋಡುತ್ತಲೇ ಬೆಳೆದವರು ಬಲ ಇದ್ದರೆ ಚಲನೆ, ಬಲ ಇಲ್ಲದಿದ್ದರೆ ನಿಲುಗಡೆ ಎಂದು ತಿಳಿಯದೆ ಇನ್ನೇನು ತಿಳಿಯಬೇಕು? ಗ್ರೀಸಿನ ಅರಿಸ್ಟಾಟಲ್ ಕೂಡ ಹೀಗೇ ತಿಳಿದಿದ್ದ. ಸುಮಾರು ಎರಡು ಸಾವಿರ ವರ್ಷ ದೊಡ್ಡ ದೊಡ್ಡವರು ಅದನ್ನೇ ನಂಬಿದ್ದರು. ಎತ್ತು ನಿಂತ ಮೇಲೆ ಬಂಡಿಯನ್ನು ನಿಲ್ಲಿಸುವುದು ಅಚ್ಚಿನ ತಿಕ್ಕಾಟ, ಮಣ್ಣಿನ ತಿಕ್ಕಾಟ. ಅದು ಕಣ್ಣಿಗೆ ಕಾಣುವುದಿಲ್ಲ. ಕೇರಂ ಬೋರ್ಡಿಗೆ ಪೌಡರ್ ಹಾಕದೆ ಆಡಿ, ಹಾಕಿ ಆಡಿ. ಹೊಡೆದ ಕೈ ಅದೇ. ಪೌಡರ್ ಕಾಯಿಗೆ ಹೊಸ ಬಲ ಕೊಡಲಿಲ್ಲ, ಖರ್ಚು ಕಮ್ಮಿ ಮಾಡಿತು ಅಷ್ಟೇ.

ಹುಮನಾಬಾದಿಗೆ ಹೋಗುವ ಬಸ್ಸು ಹತ್ತಿ. ಸಪಾಟು ರಸ್ತೆಯಲ್ಲಿ ಮುಳ್ಳು 60ರಲ್ಲಿ ನಿಂತಿರುವಾಗ ಎಂಜಿನ್ ಮುಂದೆ ತಳ್ಳುವ ಬಲ, ಗಾಳಿ ಮತ್ತು ರಸ್ತೆ ಹಿಂದೆ ಎಳೆಯುವ ಬಲ, ಎರಡೂ ಸಮ. ಬಸ್ಸು ನಿಂತಿದೆಯಾ? ಕಿಟಕಿಯಲ್ಲಿ ತೊಗರಿ ಹೊಲ ಹಿಂದೆ ಓಡುತ್ತಲೇ ಇದೆ. ನಿಮ್ಮ ಬಾಟಲಿಯ ನೀರು ಮಾತ್ರ ಅಲುಗದೆ ಸಮ ನಿಂತಿದೆ. ಬ್ರೇಕ್ ಹಾಕಿದಾಗ ಮುಗ್ಗರಿಸುತ್ತೀರಿ, ಎಕ್ಸಲರೇಟರ್ ಒತ್ತಿದಾಗ ಹಿಂದೆ ವಾಲುತ್ತೀರಿ. ಮೈಗೆ ಗೊತ್ತಾಗುವುದು ವೇಗ ಅಲ್ಲ, ವೇಗದ ಬದಲಾವಣೆ. ಅದಕ್ಕೇ ಪುಸ್ತಕದಲ್ಲಿ ವೇಗೋತ್ಕರ್ಷ ಎಂದು ಅಷ್ಟು ದೊಡ್ಡ ಹೆಸರು. ಹೆಸರು ದೊಡ್ಡದಾಯಿತು ಎಂದು ನನಗೆ ಯಾವಾಗಲೂ ಅನಿಸುತ್ತದೆ. ಹುಡುಗರು ಹೆಸರಿಗೇ ಹೆದರುತ್ತಾರೆ.

ಸಮ ಆದ ಮೇಲೆ ಉಳಿಯುವ ಆ ಒಂದೇ ವೇಗಕ್ಕೆ ಅಂತಿಮ ವೇಗ ಎಂದು ಹೆಸರು. ಇದನ್ನು ನಮ್ಮ ಕಡೆಯ ರೈತರಷ್ಟು ಚೆನ್ನಾಗಿ ಬಳಸಿಕೊಂಡವರನ್ನು ನಾನು ನೋಡಿಲ್ಲ. ರಾಶಿ ಮಾಡುವುದನ್ನು ಇಲ್ಲಿ ಎಷ್ಟು ಜನ ನೋಡಿದ್ದೀರಿ? ಮಷಿನ್ ಅಲ್ಲ, ಕಣದಲ್ಲಿ ಹಂತಿ ಹೊಡೆದು ಮಾಡುವ ರಾಶಿ. ನಾಲ್ಕು ಕೈ ಎದ್ದವು, ಅವೂ ಮೇಷ್ಟ್ರುಗಳದ್ದೇ.

ಹಾಗಾದರೆ ಹೇಳುತ್ತೇನೆ. ಎತ್ತು ತುಳಿದ ಮೇಲೆ ಕಣದಲ್ಲಿ ಜೋಳ, ಹೊಟ್ಟು, ಜೊಳ್ಳು ಎಲ್ಲ ಕಲೆತು ಬಿದ್ದಿರುತ್ತದೆ. ಸಂಜೆಯ ಗಾಳಿಗೆ ಕಾಯಬೇಕು. ಗಾಳಿ ಬಿಟ್ಟ ಕೂಡಲೇ ಒಬ್ಬರು ಎತ್ತರದ ಮೇಲೆ ನಿಂತು, ಗಾಳಿಗೆ ಅಡ್ಡಲಾಗಿ, ಮೊರದಿಂದ ಸಣ್ಣಗೆ ಸುರಿಯುತ್ತಾರೆ. ಇದೇ ತೂರುವುದು. ಕಾಳು ಕಾಲ ಬುಡದಲ್ಲೇ ಗುಡ್ಡೆಯಾಗುತ್ತದೆ, ಹೊಟ್ಟು ದೂರ ಹೋಗಿ ಬೀಳುತ್ತದೆ.

ಕಾಳು ಭಾರ, ಹೊಟ್ಟು ಹಗುರ ಎಂದು ಎಲ್ಲರೂ ಹೇಳುತ್ತಾರೆ. ಸರಿ. ಆದರೆ ಭಾರ ಇದ್ದರೆ ಯಾಕೆ ಬುಡದಲ್ಲಿ ಬೀಳಬೇಕು? ಎರಡು ಮೀಟರ್ ಎತ್ತರದಿಂದ ಸುರಿದ ಕಾಳು ಸುಮಾರು 0.6 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಮುಟ್ಟುವಾಗಲೂ ಅದರ ವೇಗ ಏರುತ್ತಲೇ ಇರುತ್ತದೆ. ಅದು ಸಮಕ್ಕೆ ಬರುವುದೇ ಇಲ್ಲ. ನಾನು ಛತ್ರಿ ಹಿಡಿದು ಬಿದ್ದ ಹಾಗೆ. ಹೊಟ್ಟಿನದು ಬೇರೆ ಕತೆ. ಒಂದು ಗೇಣು ಬೀಳುವುದರೊಳಗೆ ಅದರ ತೂಕ, ತಡೆ ಸಮ ಆಗಿಬಿಡುತ್ತವೆ. ಆಮೇಲೆ ನೆಲದ ತನಕ ಅದೇ ಸಾವಕಾಶದ ವೇಗ. ಅಷ್ಟು ಹೊತ್ತು ಅದು ಗಾಳಿಯ ಕೈಯಲ್ಲಿ ಇರುತ್ತದೆ. ಗಾಳಿ ಅದನ್ನು ಅಡ್ಡಕ್ಕೆ ಮಾರುಗಟ್ಟಲೆ ಒಯ್ಯುತ್ತದೆ.

ಇನ್ನೂ ಒಂದು ಸೊಗಸು ಇದೆ. ಜೊಳ್ಳು ಕಾಳು ನೋಡಲು ಗಟ್ಟಿ ಕಾಳಿನಷ್ಟೇ ದಪ್ಪ. ಗಾಳಿಗೆ ಒಡ್ಡುವ ಮೈ ಅಷ್ಟೇ. ಒಳಗೆ ಮಾತ್ರ ಏನೂ ಇಲ್ಲ. ತೂಕ ಕಮ್ಮಿ ಇರುವುದರಿಂದ ಅದು ಬೇಗ ಸಮಕ್ಕೆ ಬರುತ್ತದೆ, ಕಮ್ಮಿ ವೇಗದಲ್ಲಿ ಬೀಳುತ್ತದೆ. ಹಾಗಾಗಿ ಅದು ಬುಡದಲ್ಲೂ ಬೀಳುವುದಿಲ್ಲ, ಹೊಟ್ಟಿನಷ್ಟು ದೂರಕ್ಕೂ ಹೋಗುವುದಿಲ್ಲ. ನಡುವೆ ಒಂದು ಪಟ್ಟಿಯಾಗಿ ಬೀಳುತ್ತದೆ. ನಮ್ಮ ಅವ್ವ ಗಾಳಿ ಸಣ್ಣಗಾದರೆ ಮೊರವನ್ನು ಇನ್ನೂ ಮೇಲೆ ಎತ್ತುತ್ತಿದ್ದಳು. ಬೀಳುವ ಹೊತ್ತು ಜಾಸ್ತಿಯಾದರೆ ಬೇರೆಯಾಗಲು ಅವಕಾಶ ಜಾಸ್ತಿ. ಸಮೀಕರಣ ಬರೆಯದೆ ಅದರ ಉತ್ತರವನ್ನು ಕೈಯಲ್ಲಿ ಇಟ್ಟುಕೊಂಡವಳು.

ಇಲ್ಲಿನ ದಾಲ್ ಮಿಲ್ಲುಗಳಲ್ಲೂ ಇದೇ ಕೆಲಸ, ಗಾಳಿ ಮಾತ್ರ ಫ್ಯಾನಿನದು. ಕೆಳಗಿನಿಂದ ಮೇಲಕ್ಕೆ ಗಾಳಿ ಊದುತ್ತಾರೆ ಅನ್ನಿ. ಆ ಗಾಳಿಯ ವೇಗ ತೊಗರಿ ಸಿಪ್ಪೆಯ ಅಂತಿಮ ವೇಗಕ್ಕಿಂತ ಜಾಸ್ತಿ, ಬೇಳೆಯ ಅಂತಿಮ ವೇಗಕ್ಕಿಂತ ಕಮ್ಮಿ ಇರಬೇಕು. ಸಿಪ್ಪೆ ಮೇಲೆ ಹಾರುತ್ತದೆ, ಬೇಳೆ ಕೆಳಗೆ ಇಳಿಯುತ್ತದೆ. ಗಾಳಿ ಸ್ವಲ್ಪ ಜಾಸ್ತಿಯಾದರೆ ಮಾಲಕನ ಬೇಳೆಯೂ ಸಿಪ್ಪೆಯ ಚೀಲಕ್ಕೆ ಹೋಗುತ್ತದೆ. ಅಲ್ಲಿ ಭೌತಶಾಸ್ತ್ರ ಕೂಡಲೇ ರೂಪಾಯಿಯಲ್ಲಿ ಕಾಣುತ್ತದೆ.

ಮಳೆಯ ಮಾತು. ಒಂದು ಕಿಲೋಮೀಟರ್ ಮೇಲಿನಿಂದ ಒಂದು ಹನಿ ಹೊರಟಿತು. ಗಾಳಿಯೇ ಇಲ್ಲದಿದ್ದರೆ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 140 ಮೀಟರ್. ಗಂಟೆಗೆ 500 ಕಿಲೋಮೀಟರ್! ಜೂನ್ ತಿಂಗಳ ಮೊದಲ ಮಳೆಗೇ ಛತ್ರಿ, ತಲೆ ಎಲ್ಲ ತೂತು ಬೀಳುತ್ತಿದ್ದವು. ನಿಜವಾಗಿ 2 ಮಿಲಿಮೀಟರ್ ದಪ್ಪದ ಹನಿ ಬೀಳುವುದು ಸೆಕೆಂಡಿಗೆ ಆರೂವರೆ ಮೀಟರಿನಂತೆ. 5 ಮಿಲಿಮೀಟರಿನ ದೊಡ್ಡ ಹನಿ 9 ಮೀಟರಿನಂತೆ, ಗಂಟೆಗೆ 32 ಕಿಲೋಮೀಟರ್. ಅದಕ್ಕಿಂತ ಬಹಳ ದೊಡ್ಡ ಹನಿ ಉಳಿಯುವುದೇ ಇಲ್ಲ. ಕೆಳಗಿನಿಂದ ಗಾಳಿ ಒತ್ತುವುದರಿಂದ ದೊಡ್ಡ ಹನಿ ಚಪ್ಪಟೆಯಾಗಿ, ಬೇಕರಿಯ ಬನ್ನಿನ ಹಾಗಾಗಿ, ಕೊನೆಗೆ ಒಡೆದುಹೋಗುತ್ತದೆ. ಚಿತ್ರದಲ್ಲಿ ಬರೆಯುವ ಚೂಪು ತುದಿಯ ಹನಿ ಆಕಾಶದಲ್ಲಿ ಇಲ್ಲ.

ಆಲಿಕಲ್ಲು ಒಡೆಯುವುದಿಲ್ಲ. ಅದೇ ಅದರ ಕೇಡು. ದಪ್ಪ ಎರಡರಷ್ಟಾದರೆ ಗಾಳಿಗೆ ಒಡ್ಡುವ ಮೈ ನಾಲ್ಕರಷ್ಟು, ತೂಕ ಎಂಟರಷ್ಟು. ತೂಕ ಮುಂದೆ ಓಡುತ್ತದೆ, ತಡೆ ಹಿಂದೆ ಬೀಳುತ್ತದೆ. ಸಮ ಆಗಬೇಕಾದರೆ ಇನ್ನೂ ಜಾಸ್ತಿ ವೇಗ ಬೇಕು. ಒಂದು ಇಂಚಿನ ಆಲಿಕಲ್ಲು ಗಂಟೆಗೆ ಸುಮಾರು 40 ಕಿಲೋಮೀಟರಿನಂತೆ ಬಿದ್ದರೆ, ಎರಡು ಇಂಚಿನದು 70ನ್ನು ಮುಟ್ಟುತ್ತದೆ. ಬೀದರ್ ಕಡೆ ಮಾರ್ಚಿನಲ್ಲಿ ನಿಂತ ಜೋಳ ಒಂದೇ ಸಂಜೆಗೆ ಮಲಗಿದ್ದನ್ನು ಕಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಇದೇ ಲೆಕ್ಕ ಸಣ್ಣದರ ಕಡೆಗೆ ತಿರುಗಿದರೆ ತಮಾಷೆ. ನಮ್ಮ ಕೋಟೆಯ ಗೋಡೆಯ ತುದಿಯಿಂದ ಇರುವೆ ಬಿದ್ದರೆ ಎದ್ದು ನಡೆದುಹೋಗುತ್ತದೆ. ಮೋಡದ ಹನಿ ಇನ್ನೂ ಸಣ್ಣದು, ಸುಮಾರು 0.02 ಮಿಲಿಮೀಟರ್. ಅದರ ಅಂತಿಮ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್. ಮೋಡ ಯಾಕೆ ಬೀಳುವುದಿಲ್ಲ ಎಂದು ಮಕ್ಕಳು ಕೇಳುತ್ತಾರಲ್ಲ, ಅದು ಬೀಳುತ್ತಲೇ ಇದೆ. ಒಂದು ಕಿಲೋಮೀಟರ್ ಇಳಿಯಲು ಅದಕ್ಕೆ 28 ತಾಸು ಬೇಕು. ಅಷ್ಟರಲ್ಲಿ ಕೆಳಗಿನ ಬಿಸಿಗಾಳಿ ಅದನ್ನು ಎತ್ತಿಬಿಡುತ್ತದೆ, ಇಲ್ಲವೇ ಆರಿಸಿಬಿಡುತ್ತದೆ. ಇಂಥ ಹತ್ತು ಲಕ್ಷ ಹನಿ ಕೂಡಿದರೆ 2 ಮಿಲಿಮೀಟರಿನ ಒಂದು ಮಳೆಹನಿ. ಸೇಡಂ, ಚಿತ್ತಾಪುರದ ಕಡೆಯವರಿಗೆ ಧೂಳಿನ ವಿಷಯ ನಾನು ಹೇಳಬೇಕಾ? ಸುಣ್ಣಕಲ್ಲಿನ ನುಣ್ಣನೆ ಧೂಳು, 0.01 ಮಿಲಿಮೀಟರಿನದು, ಸೆಕೆಂಡಿಗೆ ಒಂದು ಸೆಂಟಿಮೀಟರಿಗೂ ಕಮ್ಮಿ ಇಳಿಯುತ್ತದೆ. ಬೆಳಿಗ್ಗೆ ಒರೆಸಿದ ಕಟ್ಟೆಯ ಮೇಲೆ ಸಂಜೆಗೆ ಮತ್ತೆ ಬೆರಳಿನಿಂದ ಹೆಸರು ಬರೆಯಬಹುದು.

ಬೀಳುವ ವೇಗದಿಂದ ಬೀಳುವ ವಸ್ತುವಿನ ಗುಟ್ಟು ತಿಳಿಯಬಹುದು. ಅಮೆರಿಕದ ಮಿಲಿಕನ್ 1909ರಿಂದ ಕೆಲವು ವರ್ಷ ಮಾಡಿದ್ದು ಅದನ್ನೇ. ಎಣ್ಣೆಯ ಸಣ್ಣ ಹನಿ ಎಷ್ಟು ಸಾವಕಾಶ ಇಳಿಯುತ್ತದೆ ಎಂದು ನೋಡಿ ಅದರ ಗಾತ್ರ ಕಂಡುಹಿಡಿದರು, ಆಮೇಲೆ ವಿದ್ಯುತ್ತಿನಿಂದ ಅದನ್ನು ಎತ್ತಿ ಎಲೆಕ್ಟ್ರಾನಿನ ಮೇಲಿರುವ ವಿದ್ಯುದಂಶ ಅಳೆದರು. 1923ರಲ್ಲಿ ನೊಬೆಲ್ ಬಂತು. ಪರೀಕ್ಷೆಗೆ ಬರುವ ವಿಷಯ, ನಿಮ್ಮ ಸರ್ ಹೇಳುತ್ತಾರೆ. ನಾನು ಮುಂದೆ ಹೋಗುತ್ತೇನೆ.

ಈಗ ಪ್ಯಾರಾಚೂಟು. ಅದು ಬಿಚ್ಚಿದಾಗ ಆತ ಗಪ್ಪನೆ ಮೇಲಕ್ಕೆ ಹೋದ ಎಂದು ವಿಡಿಯೋ ನೋಡಿದವರು ಹೇಳುತ್ತಾರೆ. ಹೋಗಿಲ್ಲ. ವಿಡಿಯೋ ತೆಗೆಯುವವನು ಇನ್ನೂ 200ರಲ್ಲಿ ಬೀಳುತ್ತಿದ್ದಾನೆ, ಬಿಚ್ಚಿದವನ ವೇಗ ಇಳಿಯುತ್ತಿದೆ. ಹಿಂದೆ ಉಳಿದದ್ದು ಮೇಲೆ ಹೋದಂತೆ ಕಾಣುತ್ತದೆ, ಅಷ್ಟೇ. ಬಿಚ್ಚಿದ ಗಳಿಗೆಯಲ್ಲಿ ತಡೆ ತೂಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಖರ್ಚು ಜಾಸ್ತಿ, ಜಮಾ ಕಮ್ಮಿ. ಖಾತೆಯಲ್ಲಿದ್ದ 55 ಕರಗತೊಡಗುತ್ತದೆ. ವೇಗ ಇಳಿದಂತೆ ತಡೆಯೂ ಇಳಿಯುತ್ತದೆ. ಸೆಕೆಂಡಿಗೆ 5 ಮೀಟರಿನ ಸುಮಾರಿಗೆ ಮತ್ತೆ ಸಮ.

ಇಲ್ಲಿ ಒಂದು ಪ್ರಶ್ನೆ. 55ರಲ್ಲಿ ಬೀಳುವಾಗಿನ ತಡೆ ದೊಡ್ಡದೋ, ಪ್ಯಾರಾಚೂಟಿನಲ್ಲಿ 5ರಲ್ಲಿ ಇಳಿಯುವಾಗಿನ ತಡೆ ದೊಡ್ಡದೋ? ಸಭೆಯಲ್ಲಿ ಹೆಚ್ಚಿನವರು ಪ್ಯಾರಾಚೂಟಿನದು ಎಂದರು. ಎರಡೂ ಒಂದೇ, 780 ನ್ಯೂಟನ್. ತೂಕ ಬದಲಾಗಿಲ್ಲ, ತೂಕಕ್ಕೆ ಸಮ ಆಗಬೇಕಾದ ತಡೆ ಹೇಗೆ ಬದಲಾದೀತು? ಅದೇ ತಡೆಯನ್ನು ಹನ್ನೊಂದನೇ ಒಂದು ಭಾಗ ವೇಗದಲ್ಲಿ ಹುಟ್ಟಿಸಲು ಅಷ್ಟು ದೊಡ್ಡ ಬಟ್ಟೆ ಬೇಕು. ಇದನ್ನು ಕೇಳಿ ಮುಂದಿನ ಸಾಲಿನ ಒಬ್ಬ ಮೇಷ್ಟ್ರು 'ಹೌದಲ್ರೀ' ಎಂದರು. ನನಗೂ ಮೊದಲ ಸಲ ಹಾಗೇ ಆಗಿತ್ತು.

ಬಟ್ಟೆ ಬಿಚ್ಚದೆಯೂ ವೇಗ ಇಳಿಯಬಹುದು. 2012ರ ಅಕ್ಟೋಬರ್ 14ರಂದು ಆಸ್ಟ್ರಿಯಾದ ಫೆಲಿಕ್ಸ್ ಬೌಮ್‌ಗಾರ್ಟ್ನರ್ ಸುಮಾರು 39 ಕಿಲೋಮೀಟರ್ ಎತ್ತರದ ಬಲೂನಿನಿಂದ ಜಿಗಿದರು. ಅಲ್ಲಿ ಗಾಳಿ ಬಹಳ ತೆಳು. ತಡೆ ಹುಟ್ಟಲು ಗಾಳಿಯೇ ಸಾಲದು. ವೇಗ ಗಂಟೆಗೆ 1350 ಕಿಲೋಮೀಟರ್ ದಾಟಿತು, ಶಬ್ದಕ್ಕಿಂತ ಜಾಸ್ತಿ. ಕೆಳಗೆ ಬಂದಂತೆ ಗಾಳಿ ದಟ್ಟವಾಯಿತು, ತಡೆ ತೂಕವನ್ನು ಮೀರಿತು. ಪ್ಯಾರಾಚೂಟು ಬಿಚ್ಚುವ ಮೊದಲೇ, ಬೀಳುತ್ತಲೇ, ಅವರ ವೇಗ ನೂರಾರು ಕಿಲೋಮೀಟರ್ ಇಳಿದಿತ್ತು.

'ಭಾರದ್ದು ಬೇಗ ಬೀಳತದ ಅಂತ ನೀವೇ ಹೇಳಿದಂಗಾಯ್ತಲ್ರಿ. ಗೆಲಿಲಿಯೋ ಸುಳ್ಳೇನು?' ಇದು ಸಭೆಯಿಂದ ಬಂದ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಗಾಳಿಯಲ್ಲಿ, ಗಾತ್ರ ಮತ್ತು ಆಕಾರ ಒಂದೇ ಇದ್ದರೆ, ಭಾರದ್ದು ಬೇಗ ಬೀಳುತ್ತದೆ. ಇದನ್ನು ಒಪ್ಪಿಕೊಳ್ಳಲು ನಾಚಬಾರದು. ಗೆಲಿಲಿಯೋ ಕೂಡ ಒಪ್ಪಿದ್ದ. 1638ರಲ್ಲಿ ಅಚ್ಚಾದ ತನ್ನ ಕೊನೆಯ ಪುಸ್ತಕದಲ್ಲಿ, ಗಾಳಿಯ ತಡೆಯಿಂದ ಬೀಳುವ ವಸ್ತು ಕೊನೆಗೆ ಒಂದೇ ವೇಗಕ್ಕೆ ಬಂದು ನಿಲ್ಲುತ್ತದೆ ಎಂದು ಅವನೇ ಬರೆದ. ಅವನ ಜಾಣತನ ಇದ್ದದ್ದು ತಡೆಯನ್ನು ಮನಸ್ಸಿನಲ್ಲೇ ತೆಗೆದುಹಾಕಿ, ಬರೀ ತೂಕ ಇದ್ದರೆ ಏನಾಗುತ್ತದೆ ಎಂದು ಕೇಳಿದ್ದರಲ್ಲಿ.

ಅದನ್ನು ಕಣ್ಣಾರೆ ತೋರಿಸಲು ಚಂದ್ರನವರೆಗೆ ಹೋಗಬೇಕಾಯಿತು. 1971ರ ಆಗಸ್ಟಿನಲ್ಲಿ ಅಪೊಲೋ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆ, ಇನ್ನೊಂದು ಕೈಯಿಂದ ಗಿಡುಗದ ಗರಿ ಬಿಟ್ಟರು. ಗಾಳಿ ಇಲ್ಲ. ಎರಡೂ ಒಟ್ಟಿಗೇ ಬಿದ್ದವು. ಅಲ್ಲಿ ಸಮ ಆಗುವ ಪ್ರಶ್ನೆಯೇ ಇಲ್ಲ, ಎಷ್ಟು ಎತ್ತರದಿಂದ ಬಿಟ್ಟರೂ ವೇಗ ಏರುತ್ತಲೇ ಇರುತ್ತದೆ. ಚಂದ್ರನ ಮೇಲೆ ಜೋಳ ತೂರಲು ಬರುವುದಿಲ್ಲ ಅನ್ನಿ.

ಇನ್ನು ಪ್ರಯೋಗ. ಬೇಕರಿಯಲ್ಲಿ ಕಪ್‌ಕೇಕಿನ ಕೆಳಗೆ ಇಡುವ ನಿರಿಗೆಯ ಕಾಗದ ಇರುತ್ತದಲ್ಲ, ಒಂದು ಕಟ್ಟು ತಂದಿದ್ದೆ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದೆವು. ಒಂದು 1.25 ಮೀಟರಿಗೆ, ಇನ್ನೊಂದು 2.5 ಮೀಟರಿಗೆ. ಫ್ಯಾನ್ ಆರಿಸಿದೆವು. ಒಬ್ಬ ಹುಡುಗ ಬೆಂಚಿನ ಮೇಲೆ ನಿಂತು, ಒಂದರೊಳಗೊಂದು ಕೂಡಿಸಿದ ನಾಲ್ಕು ಕಾಗದವನ್ನು ಮೇಲಿನ ಗೆರೆಯಿಂದ ಬಿಡಬೇಕು. ಒಬ್ಬಳು ಹುಡುಗಿ ಒಂದೇ ಕಾಗದವನ್ನು ಕೆಳಗಿನ ಗೆರೆಯಿಂದ, ಅದೇ ಹೊತ್ತಿಗೆ ಬಿಡಬೇಕು.

ಬಿಡುವ ಮೊದಲು ಯಾವುದು ಮೊದಲು ಬೀಳುತ್ತದೆ ಎಂದು ಕೇಳಿದೆ. ಅರ್ಧ ಸಭೆ ನಾಲ್ಕರದ್ದು ಎಂದಿತು, ಅರ್ಧ ಸಭೆ ಕೆಳಗಿನದ್ದು ಎಂದಿತು. ಬಿಟ್ಟರು. ಹೆಚ್ಚುಕಮ್ಮಿ ಒಟ್ಟಿಗೇ ನೆಲ ಮುಟ್ಟಿದವು. ನಾಲ್ಕು ಕೂಡಿಸಿದರೆ ತೂಕ ನಾಲ್ಕರಷ್ಟು, ಗಾಳಿಗೆ ಒಡ್ಡುವ ಮೈ ಒಂದರಷ್ಟೇ. ಸಮ ಆಗಲು ತಡೆ ನಾಲ್ಕರಷ್ಟು ಬೇಕು. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು, ಮೊದಲೇ ಹೇಳಿದ್ದೆ. ಎರಡರಷ್ಟು ವೇಗ, ಎರಡರಷ್ಟು ಎತ್ತರ, ಹೊತ್ತು ಒಂದೇ. ಎರಡನೇ ಸಲ ಒಬ್ಬ ಸ್ವಲ್ಪ ಮೊದಲೇ ಬಿಟ್ಟುಬಿಟ್ಟ, ಮೂರನೇ ಸಲ ಮತ್ತೆ ಸರಿ ಬಂತು.

ನಾನು ಮುಗಿಸಿದೆ ಎಂದುಕೊಂಡಿದ್ದೆ. ಫ್ಯಾನ್ ಹಾಕಿ ಎಂದು ಹಿಂದಿನಿಂದ ಕೂಗು ಬರುತ್ತಿತ್ತು. ಆಗ ಒಂದೇ ಕಾಗದ ಬಿಟ್ಟ ಆ ಹುಡುಗಿ ಕೇಳಿದಳು, 'ಸರ್, ಹಂಗಾದ್ರ ಒಂಬತ್ತು ಕೂಡಿಸಿದ್ರ ಮೂರು ಪಟ್ಟು ಎತ್ತರದಿಂದ ಬಿಡಬೇಕಲ್ರಿ?' ಹೌದು ಎಂದೆ. ಹಾಲಿನಲ್ಲಿ ಅಷ್ಟು ಎತ್ತರ ಇರಲಿಲ್ಲ. ಎಲ್ಲರೂ ಎದ್ದು ಮೆಟ್ಟಿಲಿನ ಕಡೆ ನಡೆದರು. ಒಂಬತ್ತರ ಕಟ್ಟು ಮೇಲಿನ ಮಹಡಿಯ ಕಟಾಂಜನದಿಂದ, 6 ಮೀಟರಿನಿಂದ. ಒಂದು ಕಾಗದ 2 ಮೀಟರಿನಿಂದ.

ಒಂಬತ್ತರ ಕಟ್ಟು ಪ್ರತಿ ಸಲವೂ ಒಂದು ಚೂರು ತಡವಾಗಿ ಬಿತ್ತು. ಬಹಳ ಅಲ್ಲ, ಆದರೆ ಕಣ್ಣಿಗೆ ಕಾಣುವಷ್ಟು. ಹುಡುಗರು ನನ್ನ ಮುಖ ನೋಡಿದರು. ನಾನು ಉತ್ತರ ಹೇಳಲು ಬಾಯಿ ತೆಗೆಯುವ ಮೊದಲೇ ಆಕೆ ಮೆಟ್ಟಿಲಿನ ಮೇಲಿಂದ ಹೇಳಿದಳು, 'ಒಂಬತ್ತಕ್ಕ ಸಮ ಆಗ್ಲಿಕ್ಕೇ ಜಾಸ್ತಿ ಹೊತ್ತು ಹಿಡಿತದಲ್ರಿ. ಅಲ್ಲಿಮಟ ಅದರ ವೇಗ ಇನ್ನಾ ಏರ್ತಿರ್ತದ.'